ಮಾವ ಯಾವಾಗಲೂ ಕೆಟ್ಟದ್ದನ್ನೇ ಎಣಿಸ್ತಾರೆ: ಸ್ವಭಾವವೋ, ಕಾಯಿಲೆಯೋ?

ಪ್ರಶ್ನೆ (ಸೊಸೆ, ಸುಂಟಿಕೊಪ್ಪ ಕಡೆ): ನಮಸ್ಕಾರ ಮೇಡಂ. ನಮ್ಮ ಮಾವನಿಗೆ 74. ಕಾಫಿ ತೋಟ ಈಗ ನನ್ನ ಗಂಡ ನೋಡ್ಕೊಳ್ತಾರೆ. ಮಾವನ ಬಾಯಲ್ಲಿ ಒಳ್ಳೇ ಮಾತು ಬರೋದೇ ಅಪರೂಪ. ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದರೆ "ಇದರ ಹಿಂದೆ ಇನ್ನೊಂದು ಮಳೆ ಬರಲ್ಲ, ಕಾಯಿ ಕಟ್ಟಲ್ಲ" ಅಂತಾರೆ. ಜೂನ್ ಬಂತೆಂದರೆ "ಈ ವರ್ಷ ಬರೆ ಜರಿಯುತ್ತೆ" (ಬರೆ ಅಂದ್ರೆ ಗುಡ್ಡದ ಇಳಿಜಾರು). ಮೊಮ್ಮಗಳು ಪರೀಕ್ಷೆ ಬರೆದರೆ "ಸೀಟು ಸಿಗಲ್ಲ ಬಿಡು". ಪಾಸಿಟಿವ್ ಆಗಿ ಯೋಚನೆ ಮಾಡಿ ಅಂತ ಮನೆಯವರೆಲ್ಲ ಹೇಳಿ ಸಾಕಾಯ್ತು. ಆಶಾವಾದಿಗಳಿಗೆ ಆಯಸ್ಸು ಜಾಸ್ತಿ ಅಂತಾರಲ್ಲ, ಇವರು ಹೀಗಿದ್ದರೆ ಆರೋಗ್ಯಕ್ಕೆ ತೊಂದರೆಯಾ? ಬದಲಾಯಿಸೋಕೆ ಆಗುತ್ತಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಮಡಿಕೇರಿ): ಎರಡು ವಿಷಯ ನೋಡಿಕೊಳ್ಳಿ. ನಲವತ್ತನೇ ವಯಸ್ಸಿನಲ್ಲೂ ಹೀಗೇ ಇದ್ದರಾ, ಅಥವಾ ಇತ್ತೀಚೆಗೆ ಶುರುವಾಯ್ತಾ? ಅತ್ತೆಯನ್ನೋ ಮಾವನ ತಂಗಿಯನ್ನೋ ಕೇಳಿದರೆ ಸರಿಯಾದ ಉತ್ತರ ಸಿಗುತ್ತೆ. ಇನ್ನೊಂದು, ಕೆಟ್ಟದ್ದನ್ನು ಹೇಳಿದ ಮೇಲೆ ಅವರು ಏನು ಮಾಡ್ತಾರೆ? "ಬರೆ ಜರಿಯುತ್ತೆ" ಅಂದವರು ಮೇ ತಿಂಗಳಲ್ಲೇ ಆಳು ಕರೆದು ಚರಂಡಿ ಬಿಡಿಸಿ, ಬಿಪಿ ಮಾತ್ರೆ ತಿಂಗಳಿಗಾಗುವಷ್ಟು ತರಿಸಿ, ಟಾರ್ಚ್ ಚಾರ್ಜ್‌ಗೆ ಹಾಕಿದರೆ ಆ ನಿರಾಶೆ ಮನೆಗೆ ಉಪಕಾರವನ್ನೇ ಮಾಡ್ತಾ ಇದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ರಕ್ಷಣಾತ್ಮಕ ನಿರಾಶಾವಾದ ಅಂತಾರೆ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕೆಟ್ಟದ್ದನ್ನು ಮೊದಲೇ ಎಣಿಸಿ ಆತಂಕವನ್ನು ಕೆಲಸಕ್ಕೆ ಹಚ್ಚುವ ಜನ ಇವರು. ಇಂಥವರನ್ನು "ಖುಷಿಯಾಗಿರಿ" ಅಂತ ಒತ್ತಾಯ ಮಾಡಿದರೆ ಆತಂಕ ಹೆಚ್ಚಾಗುತ್ತೆ, ಕೆಲಸವೂ ಕೆಡುತ್ತೆ. ಅದೂ ಅಲ್ಲದೆ 2018ರ ಆಗಸ್ಟ್‌ನ ಭೂಕುಸಿತ ನೋಡಿದ ಕೊಡಗಿನವರು ಬರೆಗೆ ಹೆದರುವುದನ್ನು ನಿರಾಶಾವಾದ ಅಂತ ನಾನಂತೂ ಕರೆಯಲಾರೆ. ಹೂಮಳೆಯ ಮಾತೂ ಸುಳ್ಳಲ್ಲ. 15–20 ದಿನದೊಳಗೆ ಹಿಂದಿನಿಂದ ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಟ್ಟುವುದು ಕಷ್ಟವೇ.

ಆಯಸ್ಸಿನ ವಿಷಯ. ಅಮೆರಿಕದಲ್ಲಿ ನರ್ಸ್‌ಗಳನ್ನೂ ಮಾಜಿ ಸೈನಿಕರನ್ನೂ ದಶಕಗಟ್ಟಲೆ ಹಿಂಬಾಲಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಅತಿ ಹೆಚ್ಚು ಆಶಾವಾದಿಗಳು ಅತಿ ಕಡಿಮೆ ಇರುವವರಿಗಿಂತ ಸರಾಸರಿ 11ರಿಂದ 15 ಶೇಕಡಾ ಹೆಚ್ಚು ಕಾಲ ಬದುಕಿದ್ದರು. ನೀವು ಕೇಳಿರುವುದು ಬಹುಶಃ ಇದನ್ನೇ. ಆದರೆ ಆರೋಗ್ಯ ಚೆನ್ನಾಗಿರುವವರಿಗೆ ಆಶೆಯೂ ಸುಲಭವಾಗಿ ಬರುತ್ತೆ, ಯಾವುದರಿಂದ ಯಾವುದು ಅಂತ ಪೂರ್ತಿ ಬಿಡಿಸಲು ಆಗಲ್ಲ. ಇತ್ತ 2013ರ ಜರ್ಮನಿಯ ಅಧ್ಯಯನ ಬೇರೆಯದ್ದೇ ಹೇಳ್ತು: ಮುಂದಿನ ಐದು ವರ್ಷದ ಬಗ್ಗೆ ಆಗಿದ್ದಕ್ಕಿಂತ ಚೆನ್ನಾಗಿ ಎಣಿಸಿದ್ದ ವೃದ್ಧರಲ್ಲಿ ಅಂಗವೈಕಲ್ಯ, ಸಾವು ಎರಡರ ಅಪಾಯವೂ ಸುಮಾರು 10 ಶೇಕಡಾ ಹೆಚ್ಚಿತ್ತು. ಹಾಗಾಗಿ ಮಳೆ, ಸೀಟು, ರೇಟಿನ ಬಗ್ಗೆ ಮಾವ ಏನೇ ಅನ್ನಲಿ, ಬಿಡಿ. ಕಿವಿ ಕೊಡಬೇಕಾದ್ದು ಬೇರೆ ಮಾತಿಗೆ: "ವಯಸ್ಸಾಯ್ತು, ಇನ್ನೇನಿದೆ ನನಗೆ". ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರನ್ನು ನೋಡಿ ಸಂಶೋಧಕಿ ಬೆಕ್ಕಾ ಲೆವಿ 2002ರಲ್ಲಿ ಬರೆದದ್ದು ಇದರ ಬಗ್ಗೆಯೇ. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. "ಇನ್ನೇನಿದೆ" ಅನ್ನುವವರು ನಡಿಗೆ ಬಿಡ್ತಾರೆ, ಕಣ್ಣಿನ ಪೊರೆಯ ಆಪರೇಷನ್ ಮುಂದೂಡ್ತಾರೆ, ಮಂಡಿನೋವು ಇದ್ದದ್ದೇ ಅಂತ ಕೂತುಬಿಡ್ತಾರೆ. ನಷ್ಟ ಆಗುವುದು ಅಲ್ಲಿ.

ಸ್ವಭಾವವೇ ಆಗಿದ್ದರೆ ಮನೆಯಲ್ಲಿ ಹೀಗೆ ಮಾಡಿ. ಕೆಟ್ಟದ್ದನ್ನು ಹೇಳಿದಾಗ ವಾದ ಬೇಡ. "ಹಾಗಾದ್ರೆ ಏನು ಮಾಡೋಣ ಮಾವ?" ಅಂತ ಕೇಳಿ, ಉತ್ತರವನ್ನು "ಹೀಗಾದರೆ ಹಾಗೆ" ಅನ್ನುವ ರೂಪದಲ್ಲಿ ಬರೆದಿಡಿ. "ಕರೆಂಟ್ ಮೂರು ದಿನ ಹೋದರೆ ಫೋನ್ ಜೀಪಿನಲ್ಲಿ ಚಾರ್ಜ್ ಮಾಡುವುದು." "ರಸ್ತೆ ಬಂದ್ ಆದರೆ ಈ ನಂಬರಿಗೆ ಫೋನ್." ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇನ್ನೊಂದು ಸಾಲು: ಬಳಸುತ್ತಿರುವ ಬಾಟಲಿ ಹೆಚ್ಚಿನವು 25–30 ಡಿಗ್ರಿಯೊಳಗೆ ಫ್ರಿಜ್ ಇಲ್ಲದೆಯೂ ನಾಲ್ಕು ವಾರ ಇರುತ್ತೆ, ನಮ್ಮ ಮಳೆಗಾಲದಲ್ಲಿ ಗಾಬರಿ ಬೇಡ, ಇನ್ನೂ ತೆರೆಯದ ಬಾಟಲಿಗೆ ಮಾತ್ರ ತಂಪು ಜಾಗ ಬೇಕು. ಭಯ ಕಾಗದಕ್ಕೆ ಇಳಿದು ಪಕ್ಕದಲ್ಲಿ ಒಂದು ಕೆಲಸ ಕೂತರೆ ಅದೇ ಮಾತು ದಿನಕ್ಕೆ ಹತ್ತು ಸಲ ಬರುವುದು ಕಡಿಮೆಯಾಗುತ್ತೆ.

ಇನ್ನೊಂದು ವಿಧಾನ ತೋಟದ ಮನೆಗೆ ಹೇಳಿ ಮಾಡಿಸಿದ್ದು. ಮಾವ ಮಳೆ ಲೆಕ್ಕ ಬರೆಯುವವರಾಗಿದ್ದರೆ ಆ ಪುಸ್ತಕವೇ ಸಾಕು. ಇಂಚು-ಸೆಂಟ್ (ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು) ಬರೆಯುವ ಸಾಲಿನ ಪಕ್ಕ ಎರಡು ಗೆರೆ ಎಳೆದು "ಎಣಿಸಿದ್ದು", "ಆದದ್ದು" ಅಂತ ಬರೆಯಲಿ. ಎಣಿಸಿದ್ದಕ್ಕೆ ಒಂದು ಗಡುವು ಇರಬೇಕು, ನೂರಕ್ಕೆ ಎಷ್ಟು ಖಾತ್ರಿ ಅನ್ನುವ ಅಂಕಿಯೂ ಇರಬೇಕು. "ಕಾಫಿ ಹಾಳಾಗುತ್ತೆ" ಅಂತ ಬರೆದರೆ ಯಾವತ್ತೂ ತಾಳೆ ನೋಡಲು ಆಗಲ್ಲ. "ಏಪ್ರಿಲ್ 10ರೊಳಗೆ 50 ಸೆಂಟ್ ಮಳೆ ಬರಲ್ಲ, ನೂರಕ್ಕೆ 80" ಅಂತ ಬರೆದರೆ ತಾಳೆ ನೋಡಬಹುದು. ವಾರಕ್ಕೆ ಎರಡು ಸಾಕು, ಅದರಲ್ಲಿ ಒಂದು ತೋಟದ್ದಲ್ಲದೆ ಮನೆಯದ್ದಾಗಿರಲಿ. ಆರೆಂಟು ವಾರ ಬೇಕು. ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮಗನೋ ಸೊಸೆಯೋ ಪುಸ್ತಕ ತೆಗೆದು "ನೋಡಿ, ನೀವು ಹೇಳಿದ್ದು ಆಗಲಿಲ್ಲ" ಅಂದುಬಿಡುತ್ತಾರೆ. ಮರುದಿನದಿಂದ ಬರೆಯುವುದು ನಿಲ್ಲುತ್ತೆ. ತಾಳೆ ನೋಡುವುದು ಅವರ ಕೆಲಸ, ನಿಮ್ಮದಲ್ಲ. ಅವರು ಎಣಿಸಿದ್ದೇ ಸರಿ ಬಂದರೆ ಅದನ್ನೂ ಒಪ್ಪಿಕೊಳ್ಳಿ.

ರಾತ್ರಿ ಕೊರಗುವವರಿಗೆ ಸಂಜೆ ನಾಲ್ಕರ ಕಾಫಿ ಹೊತ್ತಿಗೆ 20 ನಿಮಿಷ ಚಿಂತೆಗೇ ಅಂತ ಇಡಬಹುದು. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಪದದಲ್ಲಿ ಚೀಟಿಯಲ್ಲಿ ಗುರುತು ಹಾಕಿ ಆ ಹೊತ್ತಿಗೆ ತಳ್ಳುವುದು. ಹಾಸಿಗೆಯ ಮೇಲೆ ಕೂತು ಇದನ್ನು ಮಾಡಬಾರದು, ನಿದ್ದೆ ಕೆಡುತ್ತೆ.

ಅದೇ ಸೊಸೆ: ತುಂಬಾ ಥ್ಯಾಂಕ್ಸ್ ಮೇಡಂ. ಅತ್ತೆಯನ್ನು ಕೇಳಿದೆ, ಮೊದಲಿಂದಲೂ ಹೀಗೇ ಅಂದ್ರು. ಆದರೆ ಮಳೆ ಪುಸ್ತಕ ತೆಗೆದು ನೋಡಿದ್ರೆ ಜುಲೈ ಮಧ್ಯದಿಂದ ಬರೆದೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಜಗಲಿಯಲ್ಲಿ ಕೂತಿರ್ತಾರೆ. ಊಟನೂ ಕಡಿಮೆ. ಮಳೆಗಾಲ ಅಂತ ನಾವು ಸುಮ್ಮನಿದ್ವಿ.

ಉತ್ತರ (ಮನೋವೈದ್ಯರು): ಇಲ್ಲಿ ನಾನು ಸೇರಿಕೊಳ್ತೇನೆ. ಸ್ವಭಾವದ ನಿರಾಶಾವಾದಿ ಬೈದುಕೊಂಡೇ ಮಳೆ ಅಳೆಯುತ್ತಾನೆ. ಅಳೆಯುವುದನ್ನೇ ಬಿಟ್ಟಿದ್ದಾರೆ ಅಂದರೆ ಲೆಕ್ಕ ಬೇರೆ. ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗುವುದು, ಬೆಳಗಿನ ಜಾವವೇ ಎಚ್ಚರವಾಗುವುದು, ಊಟ ಸೇರದಿರುವುದು, ಇವು ಎರಡು ವಾರ ದಾಟಿದರೆ ಖಿನ್ನತೆಗೆ ಪರೀಕ್ಷೆ ಆಗಬೇಕು. ಈ ವಯಸ್ಸಿನಲ್ಲಿ ಅಳು ಕಾಣದೇ ಇರಬಹುದು. ಮೈಕೈ ನೋವು, ಗ್ಯಾಸ್, ಸುಸ್ತು, ಮರೆವು ಅಂತ ಹೇಳಿಕೊಂಡು ಬರುವವರೇ ಹೆಚ್ಚು. ಹಿರಿಯರಿಗೆಂದೇ ಮಾಡಿದ 15 ಪ್ರಶ್ನೆಗಳ ಹೌದು-ಅಲ್ಲ ಪಟ್ಟಿ ಇದೆ, ಐದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು. ಅದರಿಂದಲೇ ಕಾಯಿಲೆ ನಿರ್ಧಾರವಾಗಲ್ಲ.

ಮೊದಲು ರಕ್ತಪರೀಕ್ಷೆ: ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ, ಸಕ್ಕರೆ. ಥೈರಾಯ್ಡ್ ಕಡಿಮೆಯಾದರೂ ಬಿ12 ಇಳಿದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಸಂಧಿವಾತಕ್ಕೋ ಉಬ್ಬಸಕ್ಕೋ ಸ್ಟಿರಾಯ್ಡ್ ತೆಗೆದುಕೊಳ್ತಿದ್ದರೆ ಹೇಳಿ. ಕಿವಿಯೂ ನೋಡಿಸಿ. ಕೇಳಿಸದವರು ಮಾತುಕತೆಯಿಂದ ಹಿಂದೆ ಸರಿಯುತ್ತಾರೆ, ಮನೆಯವರು ಅದನ್ನು ಬೇಸರ ಅಂದುಕೊಳ್ತಾರೆ.

ಮಾತ್ರೆ ಶುರುವಾದರೆ ಕಡಿಮೆ ಪ್ರಮಾಣದಿಂದ ನಿಧಾನಕ್ಕೆ ಏರಿಸುತ್ತೇವೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹಿರಿಯರಲ್ಲಿ ಇನ್ನೂ ತಡವಾಗಬಹುದು. ಹತ್ತು ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಅಂತ ಬಿಡುವವರೇ ಹೆಚ್ಚು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅಂದರೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್, ಇದ್ದರೆ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿ ಸೋಡಿಯಂ ಇಳಿಸಬಹುದು. ಶುರು ಮಾಡಿ ಎರಡು ವಾರ ಆದ ಮೇಲೆ ಒಂದು ಸಲ ಸೋಡಿಯಂ ನೋಡಿಸಿ. ಗೊಂದಲ, ತೂರಾಟ, ವಾಂತಿ ಬಂದರೆ ಕಾಯಬೇಡಿ. ಸಂಜೆ ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ. ದಿನಾ ಹೆಚ್ಚು ಕುಡಿಯುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಫಿಟ್ಸ್ ಬರಬಹುದು.

ಇನ್ನೊಂದು ಮಾತು, ನೇರವಾಗಿಯೇ ಹೇಳ್ತೇನೆ. ಕೋವಿ ಇರುವ ಮನೆಯಾದರೆ ಸದ್ಯಕ್ಕೆ ಬೇರೆ ನಂಬಿಗಸ್ತರ ಮನೆಯಲ್ಲಿಡುವುದಕ್ಕೆ ನಿಯಮದಲ್ಲಿ ಅವಕಾಶ ಇದೆಯಾ ಅಂತ ಠಾಣೆಯಲ್ಲಿ ಕೇಳಿ. ಅಲ್ಲಿಯವರೆಗೆ ಬೀಗ ಹಾಕಿ, ತೋಟಾ (ಗುಂಡು) ಬೇರೆ ಕಡೆ, ಬೀಗದ ಕೈ ನಿಮ್ಮ ಗಂಡನ ಹತ್ತಿರ. ತೋಟದ ಔಷಧಿಗೂ ಹಾಗೇ. "ಬದುಕು ಸಾಕು ಅನ್ನಿಸುತ್ತಾ?" ಅಂತ ಮಾವನನ್ನು ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ (ಗೋಣಿಕೊಪ್ಪ): ನಮ್ಮಲ್ಲಿ ಉಲ್ಟಾ. ಯಜಮಾನರಿಗೆ 70, ಶುಗರ್ ಇದೆ. ಏನು ಹೇಳಿದ್ರೂ "ಏನೂ ಆಗಲ್ಲ". ಟೆಸ್ಟ್ ಮಾಡಿಸಲ್ಲ, ಮಂಜಿನಲ್ಲಿ ರಾತ್ರಿ ಜೀಪ್ ಓಡಿಸ್ತಾರೆ. ಇಂಥ ಆಶಾವಾದಕ್ಕೂ ಔಷಧಿ ಇದೆಯಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನನ್ನ ಲೆಕ್ಕದಲ್ಲಿ ಮನೆಯವರು ಹೆಚ್ಚು ಎಚ್ಚರ ಇರಬೇಕಾದ್ದು ಈ ಕಡೆಯವರ ಬಗ್ಗೆಯೇ. ಗೊಣಗುವವರನ್ನು ಎಲ್ಲರೂ ಡಾಕ್ಟರ ಹತ್ತಿರ ಎಳ್ಕೊಂಡು ಬರ್ತಾರೆ, ನಗುವವರನ್ನು ಯಾರೂ ತರಲ್ಲ. ಕೆಟ್ಟದ್ದು ಬೇರೆಯವರಿಗೆ ಆಗುತ್ತೆ, ನನಗಲ್ಲ ಅಂತ ಎಣಿಸುವ ಗುಣವನ್ನು ನೀಲ್ ವೈನ್‌ಸ್ಟೀನ್ 1980ರಲ್ಲಿ ಕಾಲೇಜು ಹುಡುಗರಲ್ಲಿ ತೋರಿಸಿದರು. ವಯಸ್ಸಾದ ಮೇಲೆ ಅದು ತಾನಾಗಿ ಹೋಗಲ್ಲ.

ಹೆದರಿಸಬೇಡಿ. ಕಾಲು ಕತ್ತರಿಸಿದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರೆ ಇನ್ನೂ ಗಟ್ಟಿಯಾಗಿ "ಏನೂ ಆಗಲ್ಲ" ಅಂತಾರೆ. ಬದಲಿಗೆ ಪಂಥ ಕಟ್ಟಿ. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಎಷ್ಟು ಬರುತ್ತೆ ಅಂತ ಅವರೇ ಮೊದಲು ಬರೆದಿಡಲಿ, ಆಮೇಲೆ ಟೆಸ್ಟ್. ಆರೂವರೆ ಅಂತ ಬರೆದವರಿಗೆ ಒಂಬತ್ತು ಬಂದರೆ ನೀವು ಏನೂ ಹೇಳಬೇಕಾಗಿಲ್ಲ. ಅದೇ ಹೊತ್ತಿನಲ್ಲಿ ಕಣ್ಣಿನ ರೆಟಿನಾ ಪರೀಕ್ಷೆಗೆ ದಿನ ಗೊತ್ತು ಮಾಡಿ. "ಮುಂದಿನ ವಾರ ನೋಡೋಣ" ಬೇಡ, ದಿನ ಮತ್ತು ಗಂಟೆ ಹೇಳಿ. ಜೀಪಿಗೆ ಒಂದೇ ಕರಾರು ಸಾಕು: ಕತ್ತಲಾದ ಮೇಲೆ ಮಗನೋ ಡ್ರೈವರೋ. ಹಗಲು ಬಿಟ್ಟುಬಿಡಿ. ಎಲ್ಲದಕ್ಕೂ ತಕರಾರು ತೆಗೆದರೆ ಯಾವುದೂ ನಿಲ್ಲಲ್ಲ.

ದುಡ್ಡಿನ ವಿಷಯದಲ್ಲೂ ಇದೇ "ಏನೂ ಆಗಲ್ಲ" ಕೆಲಸ ಮಾಡುತ್ತೆ. ಫೋನಿನಲ್ಲಿ ಬಂದ ಯಾವ ಸ್ಕೀಮಿಗೂ ಎರಡು ರಾತ್ರಿ ಕಳೆಯದೆ ದುಡ್ಡು ಹಾಕಬಾರದು ಅಂತ ಮೊದಲೇ ಒಪ್ಪಂದ ಆಗಲಿ. ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಮನೋವೈದ್ಯರು: ಒಂದು ಸೇರಿಸ್ತೇನೆ. ಮೊದಲು ಹೀಗಿರಲಿಲ್ಲ, ಈಗ ಕೆಲವು ವಾರದಿಂದ ನಿದ್ದೆ ಮೂರು ಗಂಟೆ ಸಾಕು, ಮಾತು ಜಾಸ್ತಿ, ಕೈಬಿಟ್ಟು ಖರ್ಚು ಅಂತಾದರೆ ಅದನ್ನು ಆಶಾವಾದದ ಖಾತೆಗೆ ಹಾಕಬೇಡಿ. ಉನ್ಮಾದ ಇರಬಹುದು, ಮಿದುಳಿನ ಮುಂಭಾಗದ ಕಾಯಿಲೆ ಇರಬಹುದು, ಹೊಸ ಮಾತ್ರೆಯ ಪರಿಣಾಮವೂ ಇರಬಹುದು.

ಪ್ರಶ್ನೆ (ಕುಶಾಲನಗರ, ನಿವೃತ್ತ ಶಿಕ್ಷಕಿ): ದಿನಾ ಮಲಗುವ ಮುಂಚೆ ಮೂರು ಒಳ್ಳೇ ಸಂಗತಿ ಬರೀರಿ ಅಂತಾರಲ್ಲ, ಉಪಯೋಗ ಇದೆಯಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಇದೆ, ಸ್ವಲ್ಪ. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ತಂಡ ಪರೀಕ್ಷಿಸಿದ್ದು ಒಂದು ವಾರದ ಅಭ್ಯಾಸವನ್ನು. ಜನ ಬಿಡುವುದು ಅದರ ಎರಡನೇ ಅರ್ಧವನ್ನು: ಆ ಒಳ್ಳೇದು *ಯಾಕೆ* ಆಯ್ತು ಅಂತಲೂ ಬರೆಯಬೇಕು. "ಪಕ್ಕದ ಮನೆಯವರು ಕಿತ್ತಳೆ ತಂದುಕೊಟ್ಟರು" ಅಷ್ಟೇ ಅಲ್ಲ, "ಹೋದ ವಾರ ಅವರ ಮಗುವಿಗೆ ಲೆಕ್ಕ ಹೇಳಿಕೊಟ್ಟಿದ್ದೆ" ಅನ್ನುವುದೂ. ಇಷ್ಟವಿದ್ದವರು ಮಾಡಲಿ, ಖಿನ್ನತೆ ಇರುವವರ ಕೈಗೆ ಬಲವಂತವಾಗಿ ಪೆನ್ನು ಕೊಡಬೇಡಿ. ಮೂರು ಹೊಳೆಯದಿದ್ದರೆ ಅದೂ ತನ್ನದೇ ತಪ್ಪು ಅಂತ ಕೊರಗ್ತಾರೆ.

ಸುಂಟಿಕೊಪ್ಪದ ಸೊಸೆ: ಡಾಕ್ಟ್ರೇ, ಮಾವ ಬರಲು ಒಪ್ಪಿದ್ದಾರೆ, "ನಿದ್ದೆಗೆ ಮಾತ್ರ" ಅಂತ. ಏನೇನು ತರಬೇಕು?

ಮನೋವೈದ್ಯರು: ನಿದ್ದೆಗೆ ಅಂತಲೇ ಬರಲಿ, ಸಾಕು. ಈಗ ತಿನ್ನುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು, ನಾಟಿ ಔಷಧಿ ಇದ್ದರೆ ಅದೂ, ಕಳೆದ ಒಂದು ವರ್ಷದ ರಕ್ತಪರೀಕ್ಷೆಯ ಚೀಟಿಗಳು. ಥೈರಾಯ್ಡ್ ಟೆಸ್ಟ್‌ಗೆ ಬಯೋಟಿನ್ ಇರುವ ವಿಟಮಿನ್ ಮಾತ್ರೆ ಅಡ್ಡಿಯಾಗಬಹುದು, ಅಂಥದ್ದು ಇದ್ದರೆ ಲ್ಯಾಬಿನಲ್ಲಿ ಹೇಳಿ. ಕನ್ನಡಕ ಮರೆಯಬೇಡಿ, ಕಿವಿಯ ಮಷಿನ್ ಇದ್ದರೆ ಬ್ಯಾಟರಿ ನೋಡಿ ಹಾಕಿಸಿಕೊಂಡು ಬನ್ನಿ. ಪ್ರಶ್ನೆ ಸರಿಯಾಗಿ ಕೇಳಿಸದೆ ತಲೆ ಆಡಿಸಿದರೆ ಆ ಹದಿನೈದು ಪ್ರಶ್ನೆಗಳ ಅಂಕವೇ ತಪ್ಪಾಗುತ್ತೆ.