ಪದ ಬೇಕು, ಇವತ್ತೇ: ಮಳೆ, ಗಾಳಿ, ಕೆಸರೂ ಕೈಹಾಕಿದ ಚಿತ್ರಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಕಲಾ ಪತ್ರಿಕೆಗೆ ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಕಟ್ಟುತ್ತಾರೆ. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು 'ಸೋಕ್-ಸ್ಟೇನ್'. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥೇಲರ್ 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಬಿಡಿಸಿದ ರೀತಿ. ಪ್ರೈಮರ್ ಹಚ್ಚದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿದ ಆಯಿಲ್ ಬಣ್ಣ ಸುರಿಯುವುದು. ಬಣ್ಣ ಬಟ್ಟೆಯ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ.

ಎರಡನೆಯದು, ಈ ಜಾತಿಯ ಚಿತ್ರಗಳಿಗೆಲ್ಲ ಸೇರಿ ಒಂದು ಹೆಸರು. ಲೇಖನದಲ್ಲಿ ಚಿತ್ರಕಾರ್ತಿ ವಿವಿಯನ್ ಸೂಟರ್ ಬರುತ್ತಾರೆ. ಗ್ವಾಟೆಮಾಲಾದ ಪನಹಚೆಲ್‌ನಲ್ಲಿ ಅವರ ಸ್ಟುಡಿಯೋ. 2005ರ ಸ್ಟಾನ್ ಚಂಡಮಾರುತದಲ್ಲಿ ಕ್ಯಾನ್ವಾಸ್‌ಗಳೆಲ್ಲ ಕೆಸರಲ್ಲಿ ಮುಳುಗಿದವು. ಆಮೇಲೆ ಅವರು ಕೆಸರನ್ನೇ ಜೊತೆಗಾರ ಮಾಡಿಕೊಂಡರು. ಮಳೆ, ಎಲೆ, ನಾಯಿಯ ಹೆಜ್ಜೆ ಎಲ್ಲವೂ ಈಗ ಚಿತ್ರದಲ್ಲಿವೆ.

ಸದ್ಯಕ್ಕೆ ನನ್ನ ಹತ್ತಿರ ಇರುವುದು 'ನಿಸರ್ಗಪ್ರಕ್ರಿಯಾಧಾರಿತ ಪ್ರಾಯೋಗಿಕ ಅಮೂರ್ತ ವರ್ಣಚಿತ್ರ'. ದಯವಿಟ್ಟು ಕಾಪಾಡಿ.

*

ಅದು ಪದವಲ್ಲ ಮೇಡಂ, ಗೂಡ್ಸ್ ರೈಲು.

ಮಳೆನೀರು ನೆಲಕ್ಕೆ ಇಂಗುತ್ತದೆ. 'ಇಂಗುಗುಂಡಿ' ಪಂಚಾಯಿತಿ ಬೋರ್ಡಿನ ಮೇಲೂ ಇದೆ. ಇಂಗುಬಣ್ಣ. ಮುಗಿಯಿತು.

*

> ಇಂಗುಬಣ್ಣ. ಮುಗಿಯಿತು.

ಮುಗಿದಿಲ್ಲ ಸರ್. ಒಗ್ಗರಣೆ ಇಂಗಿನ ಬಣ್ಣ ಅಂದುಕೊಳ್ಳುವವರೇ ಜಾಸ್ತಿ. ಮೇಲಾಗಿ 'ಸ್ಟೇನ್' ಎಲ್ಲಿ ಹೋಯಿತು?

'ಇಂಗುಕಲೆ' ಅನ್ನಿ. ಬಟ್ಟೆಗೆ ಹತ್ತುವ ಕಲೆ, ಗ್ಯಾಲರಿಯಲ್ಲಿ ತೂಗುವ ಕಲೆ, ಎರಡೂ ಬಂತು. ಇದು ಬರೀ ಶ್ಲೇಷೆಯಲ್ಲ. ಫ್ರಾಂಕೆಂಥೇಲರ್ ಚಿತ್ರದಲ್ಲಿ ಬಣ್ಣದ ಅಂಚು ದಾಟಿ ಎಣ್ಣೆ ಹರಡಿ ಸುತ್ತ ಬಳೆಯಂತೆ ನಿಂತಿದೆ. ನಿಜವಾದ ಕಲೆಯೇ ಅದು. ಅಂಗಿ ಮೇಲಾದರೆ ಸೋಪು ಹುಡುಕುತ್ತೇವೆ, ಅಲ್ವಾ?

*

ಆರ್ಟ್ ಎನ್ನುವ 'ಕಲೆ' ಸಂಸ್ಕೃತದ್ದು. ಶ್ಲೇಷೆಯ ಆಸೆಗೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ.

ಬಟ್ಟೆಯ ಕಲೆಗೆ ಹಳಗನ್ನಡದ ಕಱೆ ಇರುವಾಗ ಬೇರೆ ಯಾಕೆ? ಶಿವ ಕಱೆಗೊರಲ ಆದದ್ದು ಗಂಟಲಲ್ಲಿ ವಿಷದ ಗುರುತು ಉಳಿದದ್ದಕ್ಕೆ. ಸುಡು+ಕಾಡು ಸುಡುಗಾಡು ಆದಂತೆ ಇಂಗು+ಕಱೆ ಇಂಗುಗಱೆ. ಱ ಎಂಬ ಹಳೆಯ ಅಕ್ಷರ ಬಿಟ್ಟುಕೊಟ್ಟದ್ದೇ ನಾವು ಮಾಡಿದ ಮೊದಲ ತಪ್ಪು. ಪ್ರಕೃತಿ, ಅಮೂರ್ತ, ಪ್ರಯೋಗ, ಇವೂ ಹೊರಗೆ ಹೋಗಲಿ. ಕನ್ನಡಕ್ಕೆ ಬಣ್ಣ ಸಾಕು.

*

> ಕನ್ನಡಕ್ಕೆ ಬಣ್ಣ ಸಾಕು

ಆ 'ಬಣ್ಣ' ವರ್ಣದ ತದ್ಭವ. ಅದನ್ನೂ ಹೊರಗೆ ಹಾಕ್ತೀರಾ? ಕಾಗದ ಪಾರಸಿ, ಶಾಯಿ ಪಾರಸಿ. ಉಳಿಯುವುದು ಇಂಗುಗಱೆ ಒಂದೇ, ಬರೆಯಲು ಏನೂ ಇಲ್ಲದೆ. ಱ ಬಿಟ್ಟರೆ 'ಕರೆ', ಅಂದರೆ ಫೋನ್ ಕರೆ. ಇಟ್ಟರೆ ಡಿಟಿಪಿಯವರು ಅಚ್ಚಿನ ತಪ್ಪು ಅಂತ ತಿದ್ದುತ್ತಾರೆ.

*

ಪಾರಸಿ ಎಂದಿರಲ್ಲ, ಅಲ್ಲೇ ಉತ್ತರ ಇದೆ.

17ನೇ ಶತಮಾನದ ವಿಜಯಪುರದಲ್ಲಿ, ಆದಿಲ್‌ಶಾಹಿಗಳ ಕಾಲದಲ್ಲಿ, ಅಂಟುನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಕಲಕಿ, ಮೇಲೆ ಕಾಗದ ಇಟ್ಟು ಎತ್ತುತ್ತಿದ್ದರು. ಎಲುಬು ಎದ್ದ ಕುದುರೆ, ಮೇಲೆ ಸವಾರ, ಅಂಥ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಈ ಕೆಲಸಕ್ಕೆ ಪಾರಸಿಯಲ್ಲಿ 'ಅಬ್ರಿ' ಎನ್ನುತ್ತಾರೆ, ಮೋಡದಂಥದು ಎಂದು. ತುರ್ಕಿಯ 'ಎಬ್ರು' ಇದರದೇ ರೂಪ. ಪಾರಸಿಯ ಅಬ್ರ್, ಸಂಸ್ಕೃತದ ಅಭ್ರ, ಎರಡಕ್ಕೂ ಬೇರು ಒಂದೇ. ಆದ್ದರಿಂದ 'ಅಭ್ರಚಿತ್ರ'. ಇಷ್ಟು ಹತ್ತಿರದಲ್ಲಿ ಇಟ್ಟುಕೊಂಡು ಗ್ವಾಟೆಮಾಲಾದ ಕೆಸರಿಗೆ ಪದ ಹುಡುಕುತ್ತಿದ್ದೀರಿ!

*

ಅಭ್ರ ಅಂದರೆ ಜನಕ್ಕೆ ನೆನಪಾಗುವುದು ಅಭ್ರಕ, ಕಾಗೆಬಂಗಾರ. ಬೇಡ.

ಅದಕ್ಕಿಂತ ಮುಖ್ಯ ಮಾತು: ವಿಜಯಪುರದ ಚಿತ್ರಗಾರ ಎಲ್ಲಿ ಬಣ್ಣ ಹತ್ತಬೇಕು, ಎಲ್ಲಿ ಹತ್ತಬಾರದು ಎಂದು ಮೊದಲೇ ಮರೆಮಾಡಿ ಇಡುತ್ತಿದ್ದ. ಕುದುರೆಯ ಗೆರೆ ಅವನದು, ಒಳಗಿನ ಸುಳಿ ಮಾತ್ರ ನೀರಿನದು. ಸೂಟರ್ ಕೆಲಸದ ಜೊತೆ ಒಂದೇ ಹೆಸರಿನಡಿ ಸೇರಿಸಲಾಗದು.

ಎರಡನೇ ಪದಕ್ಕೆ ನನ್ನ ಸಲಹೆ 'ಉದ್ಭವ ಚಿತ್ರ'. ಉದ್ಭವ ಗಣಪತಿ, ಉದ್ಭವ ಲಿಂಗ ಯಾರಿಗೆ ಗೊತ್ತಿಲ್ಲ? ಯಾರೂ ಕಡೆಯದೆ ತಾನೇ ಮೂಡಿದ್ದು. ಸಂಸ್ಕೃತ ಎಂದು ಮುನಿಸಿಕೊಳ್ಳುವವರು ನಮ್ಮೂರ ಅಜ್ಜಿಯರ ಹತ್ತಿರ ಜಗಳ ಆಡಲಿ.

*

'ಉದ್ಭವ' ಕೇಳಲು ಚೆನ್ನಾಗಿದೆ, ಒಪ್ಪುವುದಿಲ್ಲ. 1960ರಲ್ಲಿ ಫ್ರೆಂಚ್ ಕಲಾವಿದ ಈವ್ ಕ್ಲೈನ್ ಹಸಿ ಬಣ್ಣದ ಕ್ಯಾನ್ವಾಸನ್ನು ಕಾರಿನ ಮೇಲೆ ಕಟ್ಟಿಕೊಂಡು ಪ್ಯಾರಿಸ್‌ನಿಂದ ನೀಸ್ ಕಡೆಗೆ ಓಡಿಸಿದ. ಗಾಳಿ, ಮಳೆ, ಧೂಳು ಕೆಲಸ ಮಾಡಿದವು, ಸರಿ. ಸ್ಟೇರಿಂಗ್ ಹಿಡಿದವನು ಯಾರು?

'ಆಕಸ್ಮಿಕ ಚಿತ್ರ' ಎಂದು ಯಾರಾದರೂ ಹೇಳುವ ಮೊದಲೇ ಅದನ್ನೂ ತಳ್ಳಿಹಾಕುತ್ತೇನೆ. ಮೆಕ್ಸಿಕೋದ ಚಿತ್ರಕಾರ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನ ತನ್ನ ಕಾರ್ಯಾಗಾರದಲ್ಲಿ ಬಣ್ಣದ ಮೇಲೆ ಬಣ್ಣ ಸುರಿದು ಅದನ್ನು ಆಕಸ್ಮಿಕ ಎಂದೇ ಕರೆದ. ಆ ಕಾರ್ಯಾಗಾರಕ್ಕೆ ಬರುತ್ತಿದ್ದವರಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಒಬ್ಬ. 2015ರಲ್ಲಿ ಮೆಕ್ಸಿಕೋದ ಸಂಶೋಧಕರು ಅದನ್ನೇ ಮಾಡಿ ನೋಡಿದರು. ಕಪ್ಪಿನ ಮೇಲೆ ಹೆಚ್ಚು ಸಾಂದ್ರತೆಯ ಬಿಳಿ ಸುರಿದರೆ ಬಿಳಿ ಕೆಳಗಿಳಿಯುತ್ತದೆ, ಕಪ್ಪು ಮೇಲೆ ಬರುತ್ತದೆ, ಮಚ್ಚೆ ಮಚ್ಚೆಯಾಗಿ ಹರಡುತ್ತದೆ. ಬರೀ ಭೌತಶಾಸ್ತ್ರ. ಆಕಸ್ಮಿಕ ಎಲ್ಲಿಂದ ಬಂತು?

ಒಟ್ಟು ಹೆಸರೇ ಯಾಕೆ ಬೇಕು, ಅದನ್ನು ಮೊದಲು ಹೇಳಿ. ಪ್ರತಿಯೊಂದರಲ್ಲೂ ಬಣ್ಣ ಏನು ಮಾಡಿತೋ ಆ ಕ್ರಿಯಾಪದ ಹಾಕಿ. ಇಂಗಿತು, ಹರಿಯಿತು, ತೇಲಿತು, ಮುಳುಗಿತು. ಕನ್ನಡದಲ್ಲಿ ಇವಕ್ಕೆ ಬರವೇ?

*

ಎಲ್ಲರಿಗೂ ಧನ್ಯವಾದ. ತಲೆಬರಹಕ್ಕೆ ಒಂದು ಹೆಸರು ಬೇಕೇ ಬೇಕಿತ್ತು ಸರ್, ಅದಕ್ಕೇ ಕೇಳಿದ್ದು. 'ಮಳೆ ಗಾಳಿಗೆ ಬಿಟ್ಟ ಚಿತ್ರಗಳು' ಎಂದು ಬರೆದೆ. ಒಳಗೆ 'ಇಂಗುಕಲೆ' ಬಳಸಿ, ಮೊದಲ ಸಲ ಬಂದಲ್ಲಿ ಒಂದು ವಾಕ್ಯದ ವಿವರಣೆ ಕೊಟ್ಟಿದ್ದೇನೆ. 'ಅಮೂರ್ತ' ಹಾಗೇ ಇದೆ. ಫೈಲ್ ಕಳಿಸಿ ಆಯಿತು.

*

ಇಂಗುಗಲೆ ಆಗಬೇಕಿತ್ತು. ಸಮಾಸದಲ್ಲಿ ಕ ಹೋಗಿ ಗ ಬರುವ ಗಸಡದಬ ನಿಯಮ ಯಾರಿಗೂ ಬೇಡವಾಯಿತೇ?