ಬರೆಯುವ ಕೈ ಇವಳದು, ಉತ್ತರ ಆ ಹುಡುಗಿಯದು

ತಮ್ಮಾ, ನೀನು ರಾತ್ರಿ ಗುಂಪಿನಲ್ಲಿ ಕೇಳಿದ್ದನ್ನು ಬೆಳಿಗ್ಗೆ ಅವ್ವನಿಗೂ ಓದಿ ಹೇಳಿದೆ. ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವ ಅಂಧ ಹುಡುಗಿಯೊಬ್ಬಳಿಗೆ ಸ್ಕ್ರೈಬ್, ಅಂದರೆ ಅವಳು ಹೇಳಿದ ಉತ್ತರವನ್ನು ಬರೆದುಕೊಡುವವಳು, ಆಗುತ್ತೀಯಾ ಎಂದು ಶಾಲೆಯಲ್ಲಿ ನಿನ್ನ ಮಗಳನ್ನು ಕೇಳಿದ್ದಾರೆ. ಒಂಬತ್ತನೇ ತರಗತಿಯ ಹುಡುಗಿ, ಮನೆಯಲ್ಲಿ ಯಾರನ್ನೂ ಕೇಳದೆ ಹೂಂ ಎಂದು ಬಂದಿದ್ದಾಳೆ. ಅವಳ ಓದಿಗೆ ಪೆಟ್ಟು ಬೀಳುವುದೇ, ಬೇಡ ಎನ್ನಲೇ ಎಂಬುದು ನಿನ್ನ ಪ್ರಶ್ನೆ. 'ಮೊದಲು ಅಂಕ, ಸೇವೆ ಆಮೇಲೆ' ಎಂದು ಕಾಕಾ ಬರೆದಿದ್ದಾರೆ. ಕಾಕಾ, ನಿಮ್ಮ ಮಾತನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡವಳಲ್ಲ, ಆದರೆ ಈ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಕಳುಹಿಸು ತಮ್ಮಾ, ಖಂಡಿತ ಕಳುಹಿಸು. ಸಂದೇಶ ಉದ್ದವಾಗುತ್ತದೆ, ಅಡುಗೆ ಮಾಡುತ್ತ ಕೇಳಿದರೂ ಸರಿ, ಪೂರ್ತಿ ಕೇಳಿ.

ಇದು ಸುಮ್ಮನೆ ಹೋಗಿ ಕುಳಿತು ಬರೆದು ಬರುವ ಕೆಲಸವಲ್ಲ. ಬರೆಯುವವರು ಪರೀಕ್ಷೆ ತೆಗೆದುಕೊಳ್ಳುವವರಿಗಿಂತ ಕೆಳಗಿನ ತರಗತಿಯವರಾಗಿರಬೇಕು, ಅದಕ್ಕೇ ಒಂಬತ್ತನೆಯವರನ್ನು ಹುಡುಕುತ್ತಾರೆ. ಮುಖ್ಯ ಶಿಕ್ಷಕರ ಮೂಲಕ ಅನುಮತಿ ಪಡೆಯಬೇಕು. ಹೆಚ್ಚುವರಿ ಸಮಯವೂ ಇರುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ. ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ ಕೂರಬೇಕು. ಅಷ್ಟು ಹೊತ್ತು ಬೇರೊಬ್ಬರ ಮಾತನ್ನು ಒಂದಕ್ಷರ ಬಿಡದೆ ಕೇಳಿ, ಓದಲು ಬರುವ ಅಕ್ಷರದಲ್ಲಿ ಬರೆಯುವುದು ದೊಡ್ಡವರಿಗೂ ಸುಲಭವಲ್ಲ.

ಗಣಿತದ ವಿಷಯವನ್ನೇ ತೆಗೆದುಕೊಳ್ಳಿ, ನಾನು ಕಲಿಸಿದ್ದು ಅದನ್ನೇ. ಅಂಗವಿಕಲ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ಆಯ್ದುಕೊಳ್ಳುವ ಅವಕಾಶವಿದ್ದರೂ ಈ ಹುಡುಗಿ ಗಣಿತವನ್ನೇ ಇಟ್ಟುಕೊಂಡಿದ್ದಾಳೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಈಗ ನಿನ್ನ ಮಗಳು ಪ್ರಶ್ನೆಯನ್ನು ಓದುವಾಗ 'ಎ ಪ್ಲಸ್ ಬಿ ಸ್ಕ್ವೇರ್' ಎಂದರೆ ಕೇಳುವವಳಿಗೆ ಏನು ತಿಳಿಯಬೇಕು? ವರ್ಗ ಬಿ ಒಂದಕ್ಕೆ ಮಾತ್ರವೋ, ಎರಡೂ ಸೇರಿದ್ದಕ್ಕೋ? ಎ ಮೂರು, ಬಿ ಎರಡು ಎಂದಿಟ್ಟುಕೊಂಡರೆ ಒಂದರಲ್ಲಿ ಉತ್ತರ 7, ಇನ್ನೊಂದರಲ್ಲಿ 25. ಆದ್ದರಿಂದ 'ಆವರಣ ಶುರು, ಎ ಪ್ಲಸ್ ಬಿ, ಆವರಣ ಮುಗಿಯಿತು, ಇಡೀ ಆವರಣದ ವರ್ಗ' ಎಂದು ನಿಲ್ಲಿಸಿ ನಿಲ್ಲಿಸಿ ಓದಬೇಕು. ಹೀಗೆ ಓದಲು ಕಲಿತ ಮಗು ಮುಂದೆ ತನ್ನ ಪರೀಕ್ಷೆಯಲ್ಲಿ ಆವರಣ ಬಿಟ್ಟು ಲೆಕ್ಕ ತಪ್ಪುವುದು ಅಪರೂಪ. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ನಕ್ಷೆಯ ಪ್ರಶ್ನೆಗೆ ಬದಲಾಗಿ ಅಂಧ ವಿದ್ಯಾರ್ಥಿಗಳಿಗೆಂದೇ ಬೇರೆ ಪ್ರಶ್ನೆ ಕೊಟ್ಟಿರುತ್ತಾರೆ. ಗಡಿಬಿಡಿಯಲ್ಲಿ ಅದನ್ನು ಓದದೆ ಬಿಟ್ಟರೆ ಹೋಗುವುದು ಆ ಹುಡುಗಿಯ ಅಂಕ.

ಎಲ್ಲಕ್ಕಿಂತ ಕಷ್ಟದ್ದು ಸುಮ್ಮನಿರುವುದು. ಆ ಹುಡುಗಿ ತಪ್ಪು ಉತ್ತರ ಹೇಳಿದಳು, ಸರಿ ಉತ್ತರ ನಮ್ಮ ಪುಟ್ಟಿಗೆ ಗೊತ್ತಿದೆ ಎಂದುಕೊಳ್ಳಿ. ಹುಬ್ಬೇರಿಸದೆ, 'ಇನ್ನೊಮ್ಮೆ ಯೋಚಿಸು' ಎನ್ನದೆ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. ಕರುಣೆಯಿಂದ ಒಂದು ಪದ ತಿದ್ದಿದರೂ ಅದು ನಕಲು. ಅಷ್ಟೇ ಅಲ್ಲ, ವರ್ಷವಿಡೀ ದುಡಿದ ಆ ಹುಡುಗಿಯ ಶ್ರಮಕ್ಕೆ ಮಾಡುವ ಅವಮಾನ. ಹದಿನಾಲ್ಕರ ವಯಸ್ಸಿನಲ್ಲಿ ಈ ಪ್ರಾಮಾಣಿಕತೆಯನ್ನು ಅಭ್ಯಾಸ ಮಾಡಿಸುವ ಬೇರೆ ಜಾಗ ನನಗಂತೂ ಗೊತ್ತಿಲ್ಲ. ನೀತಿ ಪಾಠದಿಂದ ಇದು ಬರುವುದಿಲ್ಲ ತಮ್ಮಾ, ಮೂವತ್ತು ಸಲ ಬೋರ್ಡಿನ ಮೇಲೆ ಬರೆಸಿದರೂ ಬರುವುದಿಲ್ಲ.

ಈಗ ಓದಿನ ಮಾತು. ಕಾಕಾ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಮಕ್ಕಳ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಒಂದು ಪಾಠವನ್ನು ಹಳದಿ ಪೆನ್ನಿನಲ್ಲಿ ಗೀಟು ಹಾಕುತ್ತ ಮತ್ತೆ ಮತ್ತೆ ಓದುತ್ತಾರೆ, ಕಣ್ಣಿಗೆ ಪರಿಚಯವಾದದ್ದನ್ನು ತಲೆಗೆ ಬಂದಿದೆ ಎಂದುಕೊಳ್ಳುತ್ತಾರೆ, ನಡುನಡುವೆ ಮೊಬೈಲ್. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದರು. ಕೆಲವರಿಗೆ ಒಂದು ಗದ್ಯಭಾಗವನ್ನು ಎರಡು ಸಲ ಓದಿಸಿದರು. ಇನ್ನು ಕೆಲವರಿಗೆ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಅವರಲ್ಲಿ ಉಳಿದದ್ದು ಸುಮಾರು ಶೇಕಡ 42, ಮುಚ್ಚಿ ಬರೆದವರಲ್ಲಿ ಶೇಕಡ 56.

ಆ ಅಂಧ ಹುಡುಗಿ ಓದುವುದೇ ಹೀಗೆ. ನನ್ನ ತರಗತಿಯಲ್ಲೂ ಕೆಲವು ವರ್ಷ ದೃಷ್ಟಿಯಿಲ್ಲದ ಮಕ್ಕಳಿದ್ದರು. ಒಬ್ಬರು ಓದಿ ಹೇಳುತ್ತಿದ್ದರು, ಇವರು ಕೇಳಿ, ತಮ್ಮ ಮಾತಿನಲ್ಲಿ ತಿರುಗಿ ಹೇಳುತ್ತಿದ್ದರು; ತಡವರಿಸಿದ ಜಾಗವನ್ನು ಮಾತ್ರ ಮತ್ತೆ ಓದಿಸಿಕೊಳ್ಳುತ್ತಿದ್ದರು. ಅವರ ಜೊತೆ ಕುಳಿತ ಮಕ್ಕಳಿಗೆ ಆ ರೂಢಿ ತಾನಾಗಿ ಹತ್ತುತ್ತಿತ್ತು. ನಿನ್ನ ಮಗಳು ಪರೀಕ್ಷೆಗೆ ಮುಂಚೆ ಶನಿವಾರ ಮಧ್ಯಾಹ್ನ ಅವಳಿಗೆ ಪಾಠ ಓದಿ ಹೇಳಲಿ. ಹತ್ತನೆಯ ಪಠ್ಯ ಒಂದು ವರ್ಷ ಮೊದಲೇ ಕಿವಿಗೆ ಬೀಳುತ್ತದೆ, ಅದೂ ನಿಧಾನವಾಗಿ, ಪ್ರಶ್ನೋತ್ತರದೊಂದಿಗೆ. ಇದಕ್ಕಾಗಿ ಜನ ಕೋಚಿಂಗ್‌ಗೆ ಹಣ ಕಟ್ಟುತ್ತಾರೆ. ಅವಳದೇ ವಾರ್ಷಿಕ ಪರೀಕ್ಷೆಯ ದಿನಾಂಕಗಳು ಅಡ್ಡ ಬರುತ್ತವೆಯೇ ಎಂದು ಮಾತ್ರ ವೇಳಾಪಟ್ಟಿ ಬಂದ ಕೂಡಲೇ ಶಾಲೆಯಲ್ಲಿ ಕೇಳು. ಬಂದರೆ ಈಗಲೇ ದಾರಿ ಹುಡುಕಲಿ. ಕೊನೆಯ ವಾರದಲ್ಲಿ ಇವಳು ಹಿಂದೆ ಸರಿದರೆ ಆ ಹುಡುಗಿ ಯಾರನ್ನು ಹುಡುಕಿಕೊಳ್ಳಬೇಕು?

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗುಂಪಿನಲ್ಲಿ ಆಗಲೇ ಇಬ್ಬರು 'ಪುಣ್ಯದ ಕೆಲಸ, ಫೋಟೊ ಹಾಕಿ' ಎಂದಿದ್ದಾರೆ. ದಯವಿಟ್ಟು ಬೇಡ. ಸ್ಕ್ರೈಬ್ ಸಿಗುವುದು, ಹೆಚ್ಚುವರಿ ಸಮಯ ಸಿಗುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬರೆದಿಟ್ಟ ಹಕ್ಕು. ಆ ಹುಡುಗಿ ನಮ್ಮ ಮನೆಗೆ ಋಣಿಯಾಗಿ ಕೈಮುಗಿದು ನಿಲ್ಲಬೇಕಾಗಿಲ್ಲ. ಮಕ್ಕಳಲ್ಲಿ ಕೃತಜ್ಞತೆ ಬೆಳೆಸಬೇಕು ಎಂದು ಸೆಪ್ಟೆಂಬರ್ 5ರಂದು ಎಲ್ಲರೂ ಭಾಷಣ ಮಾಡುತ್ತೇವೆ. ಮಕ್ಕಳೂ 'ಗುರುಗಳಿಗೆ ವಂದನೆ' ಎಂದು ಹೂ ಕೊಟ್ಟು ಹೋಗುತ್ತಾರೆ. ಯಾವ ಗುರು, ಯಾವ ದಿನ, ಏನು ಕಲಿಸಿದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅದರ ಬದಲು ಮನೆಗೆ ಬಂದ ಮೇಲೆ ಪುಟ್ಟಿಯನ್ನು ಕೇಳು: ಇವತ್ತು ಅವಳಿಂದ ನೀನು ಏನು ಕಲಿತೆ? ಹೆಸರು ಹಿಡಿದು, ವಿಷಯ ಹಿಡಿದು ಹೇಳಲಿ. ಅದನ್ನೇ ಮರುದಿನ ಆ ಹುಡುಗಿಗೂ ಹೇಳಲಿ.

ನಾವು ಗದಗಿನವರು, ಇದು ನಮಗೆ ಹೊಸದಾಗಬಾರದು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಕೊಟ್ಟರು. ಇಬ್ಬರಿಗೂ ದೃಷ್ಟಿ ಇರಲಿಲ್ಲ. ಕಣ್ಣಿದ್ದ ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಪಾದದ ಬಳಿ ಕುಳಿತೇ ಹಾಡು ಕಲಿತರು. ಅಪ್ಪ ಸುಗ್ಗಿ ಮುಗಿದ ಮೇಲೆ ಆಶ್ರಮಕ್ಕೆ ಜೋಳದ ಚೀಲ ಹೊತ್ತುಕೊಂಡು ಹೋಗುತ್ತಿದ್ದರಲ್ಲ, ಕೊಟ್ಟು ಬಂದೆ ಎಂದು ಒಮ್ಮೆಯೂ ಹೇಳಿದವರಲ್ಲ. ಹಾಡು ಕೇಳಿ ಬಂದೆ ಎನ್ನುತ್ತಿದ್ದರು. ನಿನಗೂ ನೆನಪಿರಬೇಕು.

ಸರಿ, ಒಂದು ಕೆಲಸ ಮಾಡೋಣ. ಭಾನುವಾರ ಸಂಜೆ ಪುಟ್ಟಿ ನನಗೆ ಫೋನ್ ಮಾಡಲಿ, ವಿಡಿಯೊ ಬೇಡ. ಹತ್ತನೆಯ ಗಣಿತ ಪುಸ್ತಕ ಯಾರ ಹತ್ತಿರವಾದರೂ ತೆಗೆದುಕೊಳ್ಳಲಿ. ತ್ರಿಭುಜಗಳ ಅಧ್ಯಾಯದಿಂದ ಒಂದು ಆಕೃತಿ ಆರಿಸಿ, ಬರಿ ಮಾತಿನಲ್ಲಿ ನನಗೆ ವಿವರಿಸಲಿ: ಯಾವ ಬಿಂದು ಎಲ್ಲಿದೆ, ಯಾವ ರೇಖೆ ಯಾವುದಕ್ಕೆ ಸಮಾಂತರ, ಯಾವ ಅಳತೆ ಕೊಟ್ಟಿದೆ. ನಾನು ಕೇಳಿದ ಹಾಗೆ ಇಲ್ಲಿ ಹಾಳೆಯ ಮೇಲೆ ಬರೆದು ಅವಳಿಗೆ ಕಳುಹಿಸುತ್ತೇನೆ. ಪುಸ್ತಕದ ಆಕೃತಿಗೆ ಹೊಂದದಿದ್ದರೆ ಇನ್ನೊಮ್ಮೆ ಹೇಳಲಿ. ಸಂಜೆ ಆರರ ನಂತರ ನಾನು ಮನೆಯಲ್ಲೇ ಇರುತ್ತೇನೆ.