ಅಪ್‌ಡೇಟ್: ಮಗಳಿಗೆ ಕನ್ನಡ ಕಥೆಗಳನ್ನು ಗಟ್ಟಿಯಾಗಿ ಓದಿ ಹೇಳುವ ಬಗ್ಗೆ

ಕಥೆಪುಸ್ತಕದ ಗ್ರಾಂಥಿಕ ಕನ್ನಡ ಅಪರಿಚಿತವೆನಿಸಿ ನಾಲ್ಕು ವರ್ಷದ ಮಗಳು ಎರಡನೆಯ ಪುಟಕ್ಕೇ ಎದ್ದು ಹೋಗುತ್ತಾಳೆ, ಅದನ್ನು ಆಡುಮಾತಿಗೆ ತಿರುಗಿಸಿಕೊಂಡು ಓದಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ವಾಕ್ಯವನ್ನು ಇದ್ದಂತೆಯೇ ಓದಿ, ಬಳಿಕ ಚಿತ್ರ ತೋರಿಸುತ್ತ ಮನೆಮಾತಿನಲ್ಲಿ ಪ್ರಶ್ನೆ ಕೇಳುವ ಕ್ರಮ ನಮಗೆ ಹೊಂದಿತು. ‘ಇವನು ಯಾಕೆ ಅಳ್ತಿದಾನೆ?’, ‘ಮುಂದೇನಾಗತ್ತೆ?’ ಎಂಬಂಥ, ಹೌದು-ಇಲ್ಲ ಎಂದು ಮುಗಿಸಲಾಗದ ಪ್ರಶ್ನೆಗಳಿಗೆ ಅವಳು ಕಥೆಯನ್ನೇ ಬೆಳೆಸಿ ಉತ್ತರಿಸುತ್ತಾಳೆ. ಗೊಂಬೆಗಳಿಗೆ ಕಥೆ ಹೇಳುವಾಗ ಈಗ ‘ಹೊರಟನು’, ‘ನೋಡಿತು’ ಎಂಬ ಪುಸ್ತಕದ ರೂಪಗಳು ತಾವಾಗಿಯೇ ಬರುತ್ತವೆ, ಅದನ್ನು ಕೇಳುವುದೇ ನನಗೆ ದೊಡ್ಡ ಸಂತೋಷ. ಒಂದೇ ಕಥೆಯನ್ನು ಮತ್ತೆ ಮತ್ತೆ ಬೇಡಿದರೂ ಓದುತ್ತೇವೆ, ಏಕೆಂದರೆ ಆ ಮರುಓದಿನಲ್ಲಿಯೇ ಹೊಸ ಪದಗಳು ಅವಳಿಗೆ ಬಳಕೆಯಾಗುತ್ತವೆ.

ಪುಸ್ತಕಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣ ಬಹಳ ನೆರವಾಯಿತು. ಅಲ್ಲಿ ಕನ್ನಡ ಕಥೆಗಳು ಉಚಿತವಾಗಿ, ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ರೂಪದಲ್ಲಿ ಸಿಗುತ್ತವೆ. ಮಲಗುವ ಹೊತ್ತಿನಲ್ಲಿ ಮೊಬೈಲ್ ಪರದೆ ಬೇಡವೆಂದು, ಅವಳು ಮೆಚ್ಚಿದ ಕಥೆಗಳನ್ನು ಮುದ್ರಿಸಿ ಹೊಲಿದಿಟ್ಟಿದ್ದೇವೆ. ಮುಕ್ತ ಪರವಾನಗಿಯ ಕಥೆಗಳಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ಉದ್ದನೆಯ ಕಥೆಗಳಿಗೆ ಅವಳಿನ್ನೂ ಕೂರುವುದಿಲ್ಲ, ನಾವೂ ಒತ್ತಾಯಿಸುವುದಿಲ್ಲ.